ಮೊದಲು ಅವರ ಮನೆ ಬಾಗಿಲಿಗೇ ಹೋಗಿ: ಸಭೆಯೊಳಗಿನ ಮನಸ್ತಾಪ ಸರಿಪಡಿಸಿಕೊಳ್ಳುವ ದಾರಿ

ಸಭೆಯಲ್ಲಿ, ಅಂದರೆ ಒಂದೇ ಚರ್ಚಿಗೆ ಬರುವ ವಿಶ್ವಾಸಿಗಳ ನಡುವೆ, ಒಬ್ಬರ ಮಾತಿನಿಂದ ಇನ್ನೊಬ್ಬರಿಗೆ ನೋವಾಯಿತು ಅಂತಿಟ್ಟುಕೊಳ್ಳಿ. ಆ ಸುದ್ದಿ ಯಾರ ಯಾರ ಕಿವಿಗೆ ಬೀಳುತ್ತದೆ? ಮೊದಲು ಮನೆಯವರಿಗೆ. ಆಮೇಲೆ ಅತ್ತಿಗೆಗೆ, ಸ್ತ್ರೀಯರ ಕೂಟದ ಆಪ್ತ ಗೆಳತಿಗೆ, ಪಕ್ಕದ ಎಸ್ಟೇಟಿನ ಅಣ್ಣನಿಗೆ, ಕೊನೆಗೆ ಸಭಾಪಾಲಕರಾದ ಅಯ್ಯನವರಿಗೆ. ನೋವು ಮಾಡಿದವರಿಗೆ ಮಾತ್ರ ಗೊತ್ತಾಗುವುದಿಲ್ಲ. ಗೊತ್ತಾದರೂ ಅದು ನಾಲ್ಕು ಬಾಯಿ ದಾಟಿ, ಉಪ್ಪು ಖಾರ ಸೇರಿಸಿಕೊಂಡೇ ಬಂದಿರುತ್ತದೆ. ನಮ್ಮ ಹಾಸನ, ಚಿಕ್ಕಮಗಳೂರು ಕಡೆಯ ಸಭೆಗಳಲ್ಲಿ ಮನಸ್ತಾಪ ವರ್ಷಗಟ್ಟಲೆ ಉಳಿಯುವುದಕ್ಕೆ ನಾನು ಕಂಡ ಮುಖ್ಯ ಕಾರಣ ಇದೇ.

ಯೇಸು ಸ್ವಾಮಿ ಇದಕ್ಕೊಂದು ಕ್ರಮ ಕೊಟ್ಟಿದ್ದಾರೆ. ಮತ್ತಾಯ 18ನೇ ಅಧ್ಯಾಯ, 15ರಿಂದ 17ನೇ ವಚನ ತೆಗೆದು ನೋಡಿ. ಮೊದಲು ನೀನು, ಅವನು, ಇಬ್ಬರೇ. ಅವನು ಕೇಳದಿದ್ದರೆ ಒಬ್ಬರನ್ನೋ ಇಬ್ಬರನ್ನೋ ಜೊತೆಗೆ ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ನಾವು ಮಾಡುವುದು ಇದರ ತಲೆಕೆಳಗು. ಸಭೆಗೆಲ್ಲ ಮೊದಲು ಗೊತ್ತಾಗಿರುತ್ತದೆ. ಆಮೇಲೆ ಇಬ್ಬರು ಹಿರಿಯರು ಬರುತ್ತಾರೆ. ಆ ಇಬ್ಬರೇ ಎದುರುಬದುರು ಕೂತು ಮಾತಾಡುವ ಹೊತ್ತಿಗೆ ಮಾತಾಡಲು ಏನೂ ಉಳಿದಿರುವುದಿಲ್ಲ.

ದೊಡ್ಡ ನಗರವಾದರೆ ಜನ ಸುಮ್ನೆ ಇನ್ನೊಂದು ಚರ್ಚಿಗೆ ಹೋಗಿಬಿಡುತ್ತಾರೆ. ಮೂಡಿಗೆರೆಯಲ್ಲೋ ಆಲೂರಿನಲ್ಲೋ ಬಾಳೆಹೊನ್ನೂರಿನಲ್ಲೋ ಅದು ಆಗುವ ಮಾತಲ್ಲ. ಸಭೆಯಲ್ಲಿ ಇರುವುದೇ ಕೆಲವು ಮನೆಗಳು. ಅದರಲ್ಲಿ ಅರ್ಧ ಜನ ಹೆಣ್ಣು ಕೊಟ್ಟು ತಂದು ನೆಂಟರಾದವರು. ಒಂದೇ ಸಂತೆ, ಒಂದೇ ಬಸ್ಸು, ಮಕ್ಕಳಿಗೆ ಒಂದೇ ಶಾಲೆ. ಮಾತು ಬಿಟ್ಟವರನ್ನು ವಾರಕ್ಕೆ ನಾಲ್ಕು ಸಲ ಎದುರಿಸಬೇಕು. ಹಾಗಾಗಿ ಇಲ್ಲಿ ಸರಿಮಾಡಿಕೊಳ್ಳುವುದು ಜಾಸ್ತಿ ಕಷ್ಟ, ಜಾಸ್ತಿ ಅಗತ್ಯ ಕೂಡ.

ಈ ದಾರಿ ಎಲ್ಲದಕ್ಕೂ ಅಲ್ಲ

ಹಂತಗಳಿಗೆ ಹೋಗುವ ಮುಂಚೆ ಒಂದು ವಿಷಯ ಸ್ಪಷ್ಟವಾಗಿರಲಿ. ಇಲ್ಲಿ ಬರೆಯುತ್ತಿರುವುದು ಮನಸ್ತಾಪದ ಬಗ್ಗೆ, ಅಪರಾಧದ ಬಗ್ಗೆ ಅಲ್ಲ. ಹೆಂಡತಿಗೆ ಹೊಡೆಯುವುದು, ಮಗುವಿನ ಮೈ ಮುಟ್ಟುವುದು, ಜೀವ ಬೆದರಿಕೆ ಹಾಕುವುದು, ಇಂಥವುಗಳಲ್ಲಿ ನೊಂದವರನ್ನು "ಮೊದಲು ನೀವೇ ಒಬ್ಬರೇ ಹೋಗಿ ಮಾತಾಡಿ" ಅಂತ ಕಳಿಸುವುದು ದೊಡ್ಡ ಪಾಪ. ಅದು ಅವರನ್ನು ಮತ್ತೆ ಅದೇ ಕೈಗೆ ಒಪ್ಪಿಸಿದಂತೆ. ಅಪಾಯ ಇದ್ದಾಗ 112ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ 181, ಮಕ್ಕಳಿಗೆ 1098 ಸಹಾಯವಾಣಿ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅಪರಾಧ. ಸಭಾಪಾಲಕರಿಗೂ ಹಿರಿಯರಿಗೂ ಇದರಲ್ಲಿ ರಿಯಾಯಿತಿ ಇಲ್ಲ. "ಸಭೆಯ ಹೆಸರು ಹಾಳಾಗುತ್ತೆ, ಒಳಗೇ ಮುಗಿಸೋಣ" ಎನ್ನುವವರ ಮಾತನ್ನು ಕೇಳಬೇಡಿ. ಕ್ಷಮೆಯ ಮಾತು ಆಮೇಲೆ. ಮೊದಲು ಮಗು ಸುರಕ್ಷಿತವಾಗಿರಬೇಕು.

ಒಂದು: ಬಿಟ್ಟುಬಿಡಬಹುದಾ ಎಂದು ನೋಡಿ

ಎಲ್ಲ ನೋವನ್ನೂ ಹಿಡಿದು ಮಾತಾಡಬೇಕಿಲ್ಲ. ತಪ್ಪನ್ನು ಗಮನಿಸದೆ ಬಿಡುವುದು ಮನುಷ್ಯನಿಗೆ ಭೂಷಣ ಎನ್ನುತ್ತದೆ ಜ್ಞಾನೋಕ್ತಿ 19:11. ಪ್ರೀತಿ ಬಹಳ ಪಾಪಗಳನ್ನು ಮುಚ್ಚುತ್ತದೆ ಎನ್ನುತ್ತಾನೆ ಪೇತ್ರ.

ಡಿಸೆಂಬರಿನ ಕ್ಯಾರೋಲನ್ನೇ ತೆಗೆದುಕೊಳ್ಳಿ. ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಎರಡು ಮೂರು ಕಿಲೋಮೀಟರ್, ಅದೂ ತೋಟದ ಕಚ್ಚಾ ರಸ್ತೆ. ಜೀಪು ತಡವಾಗುತ್ತದೆ, ಹುಡುಗರಿಗೆ ಗಂಟಲು ಕಟ್ಟುತ್ತದೆ, ಕೊನೆಯ ಒಂದು ಮನೆ ಬಿಟ್ಟುಹೋಗುತ್ತದೆ. ಆ ಮನೆಯವರು ಕೇಕು, ಕಾಫಿ ಮಾಡಿಟ್ಟು ರಾತ್ರಿ ಹನ್ನೆರಡರವರೆಗೆ ಕಾದಿರುತ್ತಾರೆ. ನೋವು ನಿಜ. ಆದರೆ ಬೇಕೆಂದು ಮಾಡಿದ್ದಲ್ಲ. ಇದೇ ಮನೆಯನ್ನು ಪ್ರತಿ ವರ್ಷವೂ ಬಿಡುತ್ತಿದ್ದರೆ ಆಗ ವಿಷಯ ಬೇರೆ. ಅದು ಮರೆವು ಅಲ್ಲ, ಅದರ ಬಗ್ಗೆ ಮಾತಾಡಲೇಬೇಕು.

ನಾನು ಮೂರು ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತೇನೆ. ಅವರು ತಿಳಿದು ಮಾಡಿದರಾ? ಮತ್ತೆ ಮತ್ತೆ ಆಗುತ್ತಿದೆಯಾ? ಸುಮ್ಮನಿದ್ದರೆ ಅವರಿಗೋ ಬೇರೆಯವರಿಗೋ ಕೆಡುಕಾಗುತ್ತದಾ? ಮೂರಕ್ಕೂ ಇಲ್ಲ ಅಂತ ಬಂದರೆ ಬಿಟ್ಟುಬಿಡಿ. ಬಿಟ್ಟ ಮೇಲೆ ಪೂರ್ತಿ ಬಿಡಬೇಕು. ಐದು ವರ್ಷದ ನಂತರದ ಜಗಳದಲ್ಲಿ "ಅವತ್ತು ಕ್ಯಾರೋಲಿಗೂ ಬರಲಿಲ್ಲ" ಅಂತ ಹೊರಗೆ ತೆಗೆಯುವುದಾದರೆ ನೀವು ಬಿಟ್ಟಿಲ್ಲ, ಎತ್ತಿಟ್ಟಿದ್ದೀರಿ. ಅದಕ್ಕಿಂತ ಇವತ್ತೇ ಹೋಗಿ ಹೇಳುವುದು ಒಳ್ಳೆಯದು.

ಎರಡು: ಹೋಗುವ ತನಕ ಬಾಯಿ ಕಾಯ್ದುಕೊಳ್ಳಿ

ಇದೇ ಎಲ್ಲಕ್ಕಿಂತ ಕಷ್ಟದ ಹಂತ. ನೋವಾದವರಿಗೆ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನಿಸುತ್ತದೆ. ಅದು ಸಹಜ. ಆದರೆ ನಮ್ಮಲ್ಲಿ ಚಾಡಿ ಬರುವುದು ಪ್ರಾರ್ಥನೆಯ ಬಟ್ಟೆ ಹಾಕಿಕೊಂಡು. "ಸಿಸ್ಟರ್, ಒಂದು ವಿಷಯಕ್ಕೆ ಪ್ರಾರ್ಥನೆ ಮಾಡಬೇಕು, ಹೆಸರು ಹೇಳಲ್ಲ, ನಿಮಗೇ ಗೊತ್ತಾಗುತ್ತೆ" ಅಂತ ಶುರುವಾಗುತ್ತದೆ. ಉಪವಾಸ ಕೂಟ ಮುಗಿಯುವಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ. ಹೆಸರು ಹೇಳದೆ ವಾಟ್ಸಾಪ್ ಸ್ಟೇಟಸ್ಸಿಗೆ ವಚನ ಹಾಕುವುದೂ ಅದೇ ಕೆಲಸ. ಓದಬೇಕಾದವರು ಓದಲಿ ಅಂತಲೇ ಹಾಕಿರುತ್ತೇವೆ. ದೇವರ ವಾಕ್ಯವನ್ನು ಕಲ್ಲಿನ ಹಾಗೆ ಎಸೆಯಬಾರದು.

ಹೇಳಿಕೊಳ್ಳಲೇಬೇಕು ಅನಿಸಿದರೆ ದೇವರ ಹತ್ತಿರ ಹೇಳಿಕೊಳ್ಳಿ. ಅಲ್ಲಿ ಮಾತನ್ನು ನಯ ಮಾಡಬೇಕಿಲ್ಲ. 55ನೇ ಕೀರ್ತನೆ ಓದಿ. ಶತ್ರು ನಿಂದಿಸಿದ್ದರೆ ತಾಳುತ್ತಿದ್ದೆ, ನಿಂದಿಸಿದವನು ನನ್ನ ಆಪ್ತ, ದೇವರ ಮನೆಗೆ ನನ್ನ ಜೊತೆ ನಡೆದು ಬರುತ್ತಿದ್ದವನು ಎಂದು ಕೀರ್ತನೆಗಾರ ಅಳುತ್ತಾನೆ. ಸಭೆಯೊಳಗಿನ ನೋವು ಅಷ್ಟು ಆಳಕ್ಕೆ ಇಳಿಯುವುದು ಯಾಕೆ ಅಂತ ಅಲ್ಲಿ ಗೊತ್ತಾಗುತ್ತದೆ. ಬುದ್ಧಿ ಹೇಳಬಲ್ಲ ಒಬ್ಬರ ಸಲಹೆ ಕೇಳುವುದು ತಪ್ಪಲ್ಲ. ಆದರೆ ಒಬ್ಬರು ಸಾಕು. ಅವರೂ "ಪಾಪ, ನಿಮಗೆ ಹೀಗೆ ಮಾಡಬಾರದಿತ್ತು" ಅನ್ನುವವರಾಗಿರಬಾರದು. "ಸರಿ, ಯಾವಾಗ ಹೋಗಿ ಮಾತಾಡ್ತೀರಿ?" ಅಂತ ಕೇಳುವವರಾಗಿರಬೇಕು.

ಸೂರ್ಯ ಮುಳುಗುವ ಮುಂಚೆ ಸಿಟ್ಟು ತೀರಲಿ ಎನ್ನುತ್ತದೆ ಎಫೆಸದವರಿಗೆ ಬರೆದ ಪತ್ರ. ಅದನ್ನು ಹಿಡಿದುಕೊಂಡು ರಾತ್ರಿ ಒಂಬತ್ತಕ್ಕೆ ಕೋಪದಲ್ಲಿ ಫೋನ್ ಮಾಡುವವರಿದ್ದಾರೆ. ಸಿಟ್ಟನ್ನು ಸಾಕಿ ಬೆಳೆಸಬೇಡಿ ಎಂಬುದು ಅಲ್ಲಿನ ಮಾತು. ಒಂದೆರಡು ದಿನ ಸಮಾಧಾನ ಮಾಡಿಕೊಂಡು ಹೋದರೆ ತಪ್ಪೇನಿಲ್ಲ. ಒಂದೆರಡು ತಿಂಗಳಾದರೆ ತಪ್ಪು.

ಆ ದಿನಗಳಲ್ಲಿ ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ಏನಾಯಿತು, ನನಗೆ ಏನನಿಸಿತು, ಈಗ ನನಗೆ ಏನು ಬೇಕು. ಮೊದಲನೆಯದರಲ್ಲಿ ನೀವು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಮಾತ್ರ ಇರಲಿ. "ನನ್ನನ್ನು ಕಡೆಗಣಿಸಿದರು" ಅಂತ ಬರೆಯಬೇಡಿ. "ಸುಗ್ಗಿ ಹಬ್ಬದ ಹರಾಜಿನಲ್ಲಿ ನಾನು ಕೂಗಿದ ಬೆಲೆ ಕೇಳಿಸಿದರೂ ಬೇರೆಯವರಿಗೆ ಕೊಟ್ಟರು" ಅಂತ ಬರೆಯಿರಿ. ಬರೆಯುವಾಗಲೇ ಕೆಲವೊಮ್ಮೆ ವಿಷಯ ಚಿಕ್ಕದಾಗುತ್ತದೆ. ಮೂರನೆಯದಕ್ಕೆ ಉತ್ತರ ಬರೆಯಲು ಆಗದಿದ್ದರೆ, ಅಥವಾ "ಅವರಿಗೂ ನೋವಾಗಬೇಕು" ಅಂತಷ್ಟೇ ಬಂದರೆ, ಇನ್ನೂ ಹೊರಡುವ ಹೊತ್ತಲ್ಲ.

ಮೂರು: ಹೋಗಿ

ಯಾರು ಮೊದಲು ಹೋಗಬೇಕು? ಎರಡು ವಚನ ಪಕ್ಕಪಕ್ಕ ಇಟ್ಟು ನೋಡಿ. ನಿನ್ನ ಸಹೋದರ ನಿನಗೆ ತಪ್ಪು ಮಾಡಿದರೆ ನೀನು ಹೋಗು ಎನ್ನುತ್ತದೆ ಮತ್ತಾಯ 18. ನಿನ್ನ ಮೇಲೆ ಸಹೋದರನಿಗೆ ಏನೋ ಇದೆ ಎಂದು ಯಜ್ಞವೇದಿಯ ಹತ್ತಿರ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ನೀನು ಹೋಗು ಎನ್ನುತ್ತದೆ ಮತ್ತಾಯ 5. ನೊಂದವನೂ ಹೋಗಬೇಕು, ನೋಯಿಸಿದವನೂ ಹೋಗಬೇಕು. ಇಬ್ಬರೂ ವಾಕ್ಯ ಪಾಲಿಸಿದರೆ ದಾರಿಯ ಮಧ್ಯದಲ್ಲೇ ಸಿಗುತ್ತಾರೆ. "ಅವರೇ ಬರಲಿ" ಎಂದು ಕಾಯುವವರಿಗೆ ಆ ಎರಡು ವಚನಗಳಲ್ಲಿ ಜಾಗವಿಲ್ಲ.

ಹೊತ್ತು ನೋಡಿಕೊಂಡು ಹೋಗಿ. ಕಾಫಿ ಕೊಯ್ಲಿನ ದಿನಗಳಲ್ಲಿ ಸಂಜೆ ಹಣ್ಣು ತೂಗಿ, ಆಳುಗಳ ಲೆಕ್ಕ ಮುಗಿಸಿ ಕೂತವರ ಹತ್ತಿರ ಕಷ್ಟದ ಮಾತು ತೆಗೆಯಬೇಡಿ. ಮಗುವಿಗೆ ಪರೀಕ್ಷೆ ಇರುವ ಮನೆಗೂ ಬೇಡ. ಭಾನುವಾರ ಆರಾಧನೆ ಮುಗಿದ ಕೂಡಲೇ ಚರ್ಚಿನ ಗೇಟಿನಲ್ಲಂತೂ ಬೇಡವೇ ಬೇಡ. ಅಲ್ಲಿ ಕಿವಿಗಳು ಜಾಸ್ತಿ. ಹಿಂದಿನ ದಿನ ಒಂದು ಫೋನ್ ಮಾಡಿ: "ಒಂದು ವಿಷಯ ಮಾತಾಡಬೇಕಿತ್ತು, ನಾಳೆ ಸಂಜೆ ಬರಲಾ?" ಇಷ್ಟೇ. ವಿಷಯ ಏನು ಅಂತ ಅವರು ಕೇಳಿದರೆ ಒಂದು ವಾಕ್ಯದಲ್ಲಿ ಹೇಳಿ. ಮುಚ್ಚಿಟ್ಟರೆ ಅವರಿಗೆ ರಾತ್ರಿ ನಿದ್ದೆ ಬರುವುದಿಲ್ಲ.

ಫೋನಿನಲ್ಲೇ ಮುಗಿಸುವುದು ಬೇಡ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಮಾತಿನ ಮಧ್ಯೆ ಸಿಗ್ನಲ್ ಹೋಯಿತು ಅಂದರೆ "ಫೋನ್ ಕಟ್ ಮಾಡಿದರು" ಅಂತ ಇನ್ನೊಂದು ಮನಸ್ತಾಪ ಹುಟ್ಟುತ್ತದೆ. ಮೆಸೇಜಿನಲ್ಲಂತೂ ದನಿ ಕೇಳಿಸುವುದಿಲ್ಲ. ಅದು ಸ್ಕ್ರೀನ್‌ಶಾಟ್ ಆಗಿ ಊರು ಸುತ್ತುತ್ತದೆ. ದೂರದ ಊರಿನಲ್ಲಿರುವವರಾದರೆ ಮುಖ ಕಾಣುವ ವಿಡಿಯೋ ಕಾಲ್ ಪರವಾಗಿಲ್ಲ.

ಒಬ್ಬರೇ ಹೋಗಿ. ಅಯ್ಯನವರನ್ನು ಕರೆದುಕೊಂಡು ಹೋದರೆ ಬಾಗಿಲು ತೆರೆಯುವ ಮುಂಚೆಯೇ ಅದು ಪಂಚಾಯ್ತಿ ಆಗಿಬಿಡುತ್ತದೆ. ಗಂಡಸರು ಹೆಂಗಸರ ನಡುವಿನ ವಿಷಯವಾದರೆ ಹೆಂಡತಿಯನ್ನೋ ಗಂಡನನ್ನೋ ಜೊತೆಗೆ ಕರೆದುಕೊಂಡು ಹೋಗುವುದು ನಮ್ಮ ಕಡೆ ಒಳ್ಳೆಯದು. ಕಾಫಿ ಕೊಟ್ಟರೆ ಕುಡಿಯಿರಿ. ಕಾಫಿ ಬೇಡ ಅಂದವರ ಮಾತು ನಮ್ಮ ಊರುಗಳಲ್ಲಿ ಆಗಲೇ ಮುಗಿದ ಹಾಗೆ.

ಮಾತನ್ನು ವಚನದಿಂದ ಶುರು ಮಾಡಬೇಡಿ. "ದೇವರು ನನ್ನ ಹೃದಯದಲ್ಲಿ ಮಾತಾಡಿದರು" ಅಂತಲೂ ಬೇಡ. ದೇವರನ್ನು ನಿಮ್ಮ ಪಕ್ಷಕ್ಕೆ ಸೇರಿಸಿಕೊಂಡ ಮೇಲೆ ಎದುರಿನವರಿಗೆ ಹೇಳಲು ಏನು ಉಳಿಯುತ್ತದೆ? ಹೀಗೆ ಹೇಳಬಹುದು: "ಹೋದ ತಿಂಗಳ ಕಮಿಟಿ ಮೀಟಿಂಗಿನಲ್ಲಿ ನನ್ನ ಲೆಕ್ಕದ ಬಗ್ಗೆ ಎಲ್ಲರ ಮುಂದೆ ನೀವು ಹೇಳಿದ ಮಾತು ನನಗೆ ತುಂಬಾ ನೋವು ಮಾಡಿತು. ಒಳಗೇ ಇಟ್ಟುಕೊಂಡು ನಿಮ್ಮ ಜೊತೆ ಕರ್ತನ ಭೋಜನಕ್ಕೆ ಬರಲು ನನಗೆ ಆಗುತ್ತಿಲ್ಲ. ನೀವು ಯಾವ ಅರ್ಥದಲ್ಲಿ ಹೇಳಿದಿರಿ ಅಂತ ಕೇಳೋಣ ಅಂತ ಬಂದೆ." ಆಮೇಲೆ ನಿಲ್ಲಿಸಿ. ಕೇಳಿ. ಮೊದಲು ಮಾತಾಡಿದವನ ಮಾತು ನ್ಯಾಯವಾಗಿಯೇ ತೋರುತ್ತದೆ, ಇನ್ನೊಬ್ಬ ಬಂದು ಪ್ರಶ್ನಿಸುವ ತನಕ ಎನ್ನುತ್ತದೆ ಜ್ಞಾನೋಕ್ತಿ 18:17. ನಿಮ್ಮ ತಲೆಯೊಳಗಿನ ಕೋರ್ಟಿನಲ್ಲಿ ಈವರೆಗೆ ಮಾತಾಡಿದ್ದು ನೀವೊಬ್ಬರೇ.

"ನೀವು ಯಾವಾಗಲೂ ಹೀಗೇ", "ನಿಮ್ಮ ಮನೆಯವರೇ ಹಾಗೆ", "ಎಲ್ಲರೂ ಹೇಳುತ್ತಾರೆ" ಎಂಬ ಮೂರು ಮಾತುಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ಹಳೆಯ ವಿಷಯ ತೆಗೆಯಬೇಡಿ. ಅವರೂ ನಿಮ್ಮ ಬಗ್ಗೆ ಒಂದು ದೂರು ತೆಗೆಯುತ್ತಾರೆ, ಅದಕ್ಕೆ ಸಿದ್ಧರಾಗಿರಿ. ಅದರಲ್ಲಿ ನಿಜ ಇದ್ದರೆ ಅಲ್ಲೇ ಒಪ್ಪಿಕೊಳ್ಳಿ. ಹೆಚ್ಚಿನ ಮನಸ್ತಾಪಗಳು ಇಲ್ಲಿಗೇ ಮುಗಿಯುತ್ತವೆ. ನನಗೆ ಇದರ ಮೇಲೆ ಪೂರ್ತಿ ನಂಬಿಕೆ ಇದೆ.

ನಾಲ್ಕು: ತಪ್ಪು ನಿಮ್ಮದಾಗಿದ್ದರೆ

"ನಿಮಗೆ ನೋವಾಗಿದ್ದರೆ ಕ್ಷಮಿಸಿ" ಎನ್ನುವುದು ಕ್ಷಮೆ ಕೇಳುವುದಲ್ಲ. ನೋವು ಆಗಿದೆಯೋ ಇಲ್ಲವೋ ಅನ್ನುವ ಅನುಮಾನವನ್ನೇ ಅವರ ಮೇಲೆ ಹಾಕಿದಂತೆ. ಮಾಡಿದ್ದನ್ನು ಹೆಸರಿಟ್ಟು ಹೇಳಿ: "ನಿಮ್ಮ ಮಗಳ ಮದುವೆ ವಿಷಯವನ್ನು ನಾನು ಮೂರು ಮನೆಯಲ್ಲಿ ಹೇಳಿದೆ. ಹೇಳಬಾರದಿತ್ತು. ಕ್ಷಮಿಸಿ." ಅದರ ಹಿಂದೆ "ಆದರೆ" ಬರಬಾರದು. ಕೂಡಲೇ ಕ್ಷಮಿಸಬೇಕೆಂದು ಒತ್ತಾಯ ಮಾಡಬೇಡಿ. ಅವರಿಗೆ ಸಮಯ ಬೇಕಾಗಬಹುದು.

ಬಾಯಿಮಾತಿನ ಕ್ಷಮೆ ಕೆಲವು ಸಲ ಸಾಲುವುದಿಲ್ಲ. ಅರಣ್ಯಕಾಂಡ 5ನೇ ಅಧ್ಯಾಯದ ನಿಯಮ ನೋಡಿ. ತಪ್ಪು ಮಾಡಿದವನು ಅದನ್ನು ಅರಿಕೆ ಮಾಡಬೇಕು, ಪೂರ್ತಿ ಹಿಂದಿರುಗಿಸಬೇಕು, ಅದರ ಮೇಲೆ ಐದರಲ್ಲಿ ಒಂದು ಪಾಲು ಸೇರಿಸಿ ಕೊಡಬೇಕು. ಯೇಸು ಸ್ವಾಮಿಯ ಮುಂದೆ ಸುಂಕದವನಾದ ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಅಂದ. ಎಲ್ಲರ ಮುಂದೆ ಅವಮಾನ ಮಾಡಿದ್ದರೆ ಎಲ್ಲರ ಮುಂದೆಯೇ ಸರಿ ಮಾಡಿ. ಸಭೆಯ ವಾಟ್ಸಾಪ್ ಗುಂಪಿನಲ್ಲಿ ತಪ್ಪು ಹೇಳಿದ್ದರೆ ಅದೇ ಗುಂಪಿನಲ್ಲಿ "ನಾನು ಹೇಳಿದ್ದು ನಿಜವಲ್ಲ" ಅಂತ ಬರೆಯಿರಿ. ಗುಂಪಿನಲ್ಲಿ ಬೈದು ಅಡುಗೆಮನೆಯಲ್ಲಿ ಕ್ಷಮೆ ಕೇಳಿದರೆ ಲೆಕ್ಕ ಸರಿಯಾಗುವುದಿಲ್ಲ.

ಹಣದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ವಿಶ್ವಾಸಿಗಳ ನಡುವಿನ ದೊಡ್ಡ ಜಗಳಗಳು ಹೆಚ್ಚಾಗಿ ಹಣದಿಂದಲೇ. ಚೀಟಿ ಎತ್ತಿ ಕಟ್ಟದೆ ಇರುವುದು, ಶುಂಠಿಗೆ ಜಮೀನು ಗುತ್ತಿಗೆ ಪಡೆದು ಬೆಲೆ ಬಿದ್ದಾಗ ಹಣ ಕೊಡದಿರುವುದು, ಕೈಸಾಲ. "ದೇವರ ಮಕ್ಕಳ ನಡುವೆ ಪತ್ರ ಯಾಕೆ" ಅಂತ ಬರವಣಿಗೆ ಮಾಡುವುದಿಲ್ಲ. ನಾನು ತದ್ವಿರುದ್ಧ ಹೇಳುತ್ತೇನೆ. ದೇವರ ಮಕ್ಕಳ ನಡುವೆ ಪ್ರೀತಿ ಉಳಿಯಬೇಕಾದರೆ ಪತ್ರ ಬೇಕು. ಎಷ್ಟು ಬಾಕಿ, ತಿಂಗಳಿಗೆ ಎಷ್ಟು, ಯಾವಾಗ ಮುಗಿಯುತ್ತದೆ ಎಂದು ಬರೆದು ಇಬ್ಬರೂ ಸಹಿ ಹಾಕಿ. ಕೈಸಾಲದ ದಾವೆಗೆ ಸಾಮಾನ್ಯವಾಗಿ 3 ವರ್ಷದ ಕಾಲಮಿತಿ ಇದೆ. ಅದು ಮುಗಿಯುವ ಮುಂಚೆ ಸಾಲಗಾರ ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಹಾಗಾಗಿ ಈ ಒಂದು ಹಾಳೆ ಇದ್ದರೆ ಕೊಟ್ಟವರು ಕೋರ್ಟಿಗೆ ಓಡುವ ಆತುರ ಪಡಬೇಕಿಲ್ಲ, ಪಡೆದವರಿಗೂ ಉಸಿರಾಡಲು ಸಮಯ ಸಿಗುತ್ತದೆ.

ಧಣಿ ಮತ್ತು ಕೆಲಸದವರು ಒಂದೇ ಸಭೆಯಲ್ಲಿದ್ದರೆ

ಒಬ್ಬರೇ ಹೋಗಿ ಮಾತಾಡಿ ಎಂದು ಸುಲಭವಾಗಿ ಬರೆದೆ. ಲೈನ್ ಮನೆಯಲ್ಲಿ (ತೋಟದ ಕೆಲಸದವರ ಸಾಲು ಮನೆಯಲ್ಲಿ) ವಾಸವಾಗಿರುವ, ಅದೇ ತೋಟದಲ್ಲಿ ಕೂಲಿ ಮಾಡುವ ಸಹೋದರಿ ತೋಟದ ಮಾಲೀಕರ ಮನೆಗೆ ಒಬ್ಬಳೇ ಹೋಗಿ "ನಿಮ್ಮ ಮಾತು ನೋವು ಮಾಡಿತು" ಅಂತ ಹೇಳಬಲ್ಲಳಾ? ಕೆಲಸ, ಮನೆ ಎರಡೂ ಅವರ ಕೈಯಲ್ಲಿವೆ. ಇಲ್ಲಿ ಮೊದಲ ಹೆಜ್ಜೆ ಇಡುವ ಭಾರ ಶಕ್ತಿ ಇರುವವರ ಮೇಲೆ ಎಂದೇ ನಾನು ನಂಬುತ್ತೇನೆ. ಪೌಲನು ಫಿಲೆಮೋನನಿಗೆ ಬರೆದ ಚಿಕ್ಕ ಪತ್ರ ಓದಿ. ಒನೇಸಿಮ ಅವನ ದಾಸ. ಪೌಲ ಅವನನ್ನು ಬರಿಗೈಯಲ್ಲಿ ವಾಪಸ್ಸು ಕಳಿಸಲಿಲ್ಲ. ಯಜಮಾನನಿಗೇ ಪತ್ರ ಬರೆದು, ಅವನನ್ನು ಪ್ರಿಯ ಸಹೋದರನಂತೆ ಸೇರಿಸಿಕೋ, ನಷ್ಟ ಏನಾದರೂ ಆಗಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನು ಕೊಡುತ್ತೇನೆ ಎಂದ. ನಡುವೆ ನಿಲ್ಲುವವರು ಹೀಗಿರಬೇಕು. ಕೆಲಸದವರ ಜೊತೆ ಮೊದಲ ದಿನವೇ ಒಬ್ಬ ಹಿರಿಯರು ಹೋದರೆ ಕ್ರಮ ತಪ್ಪಿದಂತೆ ಅಲ್ಲ.

ಜಾತಿ ಹಿಡಿದು ಆಡಿದ ಮಾತು, ಮದುವೆ ಊಟದಲ್ಲಿ ಬೇರೆ ಕೂರಿಸುವುದು, ಇವು ನಮ್ಮ ಸಭೆಗಳಲ್ಲಿ ಇನ್ನೂ ಇವೆ. ಇಲ್ಲ ಅಂತ ಹೇಳಿ ಪ್ರಯೋಜನವಿಲ್ಲ. ಅಂತಿಯೋಕ್ಯದಲ್ಲಿ ಪೇತ್ರನು ಯೆಹೂದ್ಯರಲ್ಲದ ಅನ್ಯಜನರ ಜೊತೆ ಊಟ ಮಾಡುತ್ತಿದ್ದವನು ಕೆಲವರಿಗೆ ಹೆದರಿ ಹಿಂದೆ ಸರಿದಾಗ ಪೌಲ ಅವನಿಗೆ ಮುಖಾಮುಖಿಯಾಗಿ, ಎಲ್ಲರ ಮುಂದೆ ಹೇಳಿದ. ಗಲಾತ್ಯ 2ನೇ ಅಧ್ಯಾಯದಲ್ಲಿದೆ. ಊಟದ ಪಂಕ್ತಿಯಲ್ಲಿ ಬಹಿರಂಗವಾಗಿ ಆದ ಅವಮಾನವನ್ನು ಗುಟ್ಟಾಗಿ ಸರಿಪಡಿಸಲು ಆಗುವುದಿಲ್ಲ.

ಐದು: ಕೇಳದಿದ್ದರೆ ಇಬ್ಬರನ್ನು ಕರೆಯಿರಿ

ಒಂದು ಸಲ ಹೋಗಿ ಆಗಲಿಲ್ಲ ಎಂದು ಕೂಡಲೇ ಮುಂದಿನ ಹಂತಕ್ಕೆ ಹಾರಬೇಡಿ. ಇನ್ನೊಂದು ಸಲ ಹೋಗಿ. ಆಮೇಲೂ ಆಗದಿದ್ದರೆ ಒಬ್ಬರನ್ನೋ ಇಬ್ಬರನ್ನೋ ಕರೆದುಕೊಳ್ಳಿ.

ಯಾರನ್ನು? ನಿಮ್ಮ ಭಾವನನ್ನಲ್ಲ. ನಿಮ್ಮ ಕಡೆಯ ಕಥೆಯನ್ನು ಆಗಲೇ ಕೇಳಿ ತಲೆ ಆಡಿಸಿದವರನ್ನೂ ಅಲ್ಲ. ಎದುರಿನವರೂ ಗೌರವಿಸುವ, ನಿಮಗೇ "ತಪ್ಪು ನಿನ್ನದು" ಎಂದು ಹೇಳುವ ಧೈರ್ಯ ಇರುವವರು ಬೇಕು. ಸಾಧ್ಯವಾದರೆ ಒಬ್ಬರನ್ನು ಅವರೇ ಆರಿಸಲಿ. ಭಾಷೆಯನ್ನೂ ನೋಡಿಕೊಳ್ಳಿ. ಚಿಕ್ಕಮಗಳೂರಿನ ತೋಟಗಳ ಕಡೆ ಒಂದೇ ಸಭೆಯಲ್ಲಿ ಕನ್ನಡ, ತುಳು, ಕೊಂಕಣಿ, ತಮಿಳು ಮನೆಮಾತಿನವರು ಇರುತ್ತಾರೆ. ಸಿಟ್ಟು ಬಂದಾಗ, ಅಳು ಬಂದಾಗ ಜನ ಮನೆಮಾತಿಗೇ ಹೋಗುತ್ತಾರೆ. ಅದು ಅರ್ಥವಾಗುವ ಒಬ್ಬರು ಅಲ್ಲಿರಬೇಕು.

ಬಂದವರ ಕೆಲಸ ತೀರ್ಪು ಕೊಡುವುದಲ್ಲ. ಇಬ್ಬರಿಗೂ ಅಡ್ಡ ಮಾತಿಲ್ಲದೆ ಹೇಳಲು ಬಿಡುವುದು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಬಾಯಲ್ಲಿ ಮತ್ತೆ ಹೇಳಿಸುವುದು, ಯಾವುದರಲ್ಲಿ ಒಪ್ಪಿಗೆ ಇದೆ, ಯಾವುದರಲ್ಲಿ ಇಲ್ಲ ಎಂದು ಬಿಡಿಸುವುದು. ಹಿರಿಯರು ಮಾಡುವ ದೊಡ್ಡ ತಪ್ಪು ಅವಸರ. ಕೈ ಕುಲುಕಿಸಿ, ಪ್ರಾರ್ಥನೆ ಮಾಡಿ, ಕಾಫಿ ಕುಡಿದು ಹೊರಡುತ್ತಾರೆ. ಅದು ಸರಿಯಾಗಿ ಒಣಗದ ಕಾಫಿಯನ್ನು ಮೂಟೆ ಕಟ್ಟಿದ ಹಾಗೆ. ಹೊರಗೆ ನೋಡಲು ಚೆನ್ನಾಗಿರುತ್ತದೆ, ಒಳಗೆ ಬೂಸ್ಟು ಹಿಡಿಯುತ್ತಾ ಇರುತ್ತದೆ.

ಆರು: ಸಭೆಗೆ ಹೇಳುವುದು

ಇಲ್ಲಿಗೆ ಬರುವ ವಿಷಯಗಳು ಕಡಿಮೆ. ಸಭೆಗೆ ಹೇಳುವುದು ಎಂದರೆ ಭಾನುವಾರ ಮೈಕ್ ಹಿಡಿದು ಹೇಳುವುದು ಎಂದಲ್ಲ. ಸಭಾಪಾಲಕರು, ಹಿರಿಯರ ಕಮಿಟಿ ಮೊದಲು. ಪಾಲಕರ ಮೇಲೆಯೇ ದೂರು ಇದ್ದರೆ ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಸ್ವೀಕರಿಸಬೇಡ ಎಂಬ 1 ತಿಮೊಥೆಯ 5:19 ನೆನಪಿರಲಿ. ಸಾಕ್ಷಿ ಇದ್ದರೆ ಹೆದರಿ ಸುಮ್ಮನಿರಲೂ ಬೇಡಿ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆದರೆ ಡಯಾಸಿಸ್‌ಗೆ, ಅಂದರೆ ಬಿಷಪರ ಆಡಳಿತಕ್ಕೆ ಬರೆಯಬಹುದು. ಕಥೋಲಿಕರಿಗೆ 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಕ್ಷೇತ್ರದ ಬಿಷಪರಿದ್ದಾರೆ. ಸ್ವತಂತ್ರ ಸಭೆಗಳಿಗೆ ಮೇಲೆ ಯಾರೂ ಇಲ್ಲದಿರುವುದೇ ಕಷ್ಟ. ಅವರು ಜಗಳ ಬರುವ ಮುಂಚೆಯೇ ಪಕ್ಕದ ಊರಿನ ಇಬ್ಬರು ಹಿರಿಯ ಪಾಸ್ಟರುಗಳನ್ನು ಇಂಥದ್ದಕ್ಕೆಂದು ಗೊತ್ತುಮಾಡಿಕೊಳ್ಳಬೇಕು.

ಆಸ್ತಿ, ಹಣದ ವಿಷಯ ಸಭೆಯಲ್ಲೂ ಬಗೆಹರಿಯದಿದ್ದರೆ? ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುವುದನ್ನು 1 ಕೊರಿಂಥ 6ರಲ್ಲಿ ಪೌಲ ಖಂಡಿಸುತ್ತಾನೆ. ಅದಕ್ಕೇ ನಾನು ದಾವೆಗಿಂತ ಮೊದಲು ಲೋಕ ಅದಾಲತ್ ನೋಡಿ ಎನ್ನುತ್ತೇನೆ. ಅದು ನಡೆಯುವುದೇ ರಾಜಿಯ ಮೇಲೆ. ಕೋರ್ಟ್ ಶುಲ್ಕವಿಲ್ಲ, ಇಬ್ಬರೂ ಒಪ್ಪಿದರೆ ಮಾತ್ರ ಮುಗಿಯುತ್ತದೆ, ಮುಗಿದ ಮೇಲೆ ಅಪೀಲು ಇಲ್ಲ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ.

ಸಭೆಯ ಮಾತನ್ನೂ ಕೇಳದವನು ನಿನಗೆ ಅನ್ಯನಂತೆಯೂ ಸುಂಕದವನಂತೆಯೂ ಇರಲಿ ಎಂದು ಆ ಭಾಗ ಮುಗಿಯುತ್ತದೆ. ಬಹಿಷ್ಕಾರ ಹಾಕಲು ಜನ ಇದನ್ನೇ ಬಳಸುತ್ತಾರೆ. ಯೇಸು ಸ್ವಾಮಿ ಸುಂಕದವರ ಜೊತೆ ಹೇಗಿದ್ದರು ಎಂದು ಅದೇ ಸುವಾರ್ತೆಯ 9ನೇ ಅಧ್ಯಾಯದಲ್ಲಿದೆ. ಮತ್ತಾಯನನ್ನೇ ಸುಂಕದ ಕಟ್ಟೆಯಿಂದ ಕರೆದರು, ಅಂಥವರ ಜೊತೆ ಊಟಕ್ಕೆ ಕೂತರು. ಸಭೆಯ ಜವಾಬ್ದಾರಿಯಿಂದ ಒಬ್ಬರನ್ನು ಇಳಿಸಬೇಕಾಗಬಹುದು. ಅವರ ಮನೆಯ ಸಾವಿಗೂ ಹೋಗದಿರುವುದು ಮಾತ್ರ ಯೇಸು ಸ್ವಾಮಿಯ ರೀತಿಯಲ್ಲ.

ಕ್ಷಮಿಸಿದ್ದೇನೆ, ಆದರೆ ನಂಬಿಕೆ ಬರುತ್ತಿಲ್ಲ

ಈ ಮಾತನ್ನು ತುಂಬಾ ಜನ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ಹೇಳುತ್ತಾರೆ. ತಗ್ಗಿಸಬೇಕಿಲ್ಲ. ಕ್ಷಮೆ ಕೊಡುವುದು ನಿಮ್ಮ ಕೈಯಲ್ಲಿದೆ. ನಂಬಿಕೆ ಅವರ ನಡತೆಯಿಂದ ನಿಧಾನಕ್ಕೆ ಬರಬೇಕು. ಯೋಸೇಫ ತನ್ನನ್ನು ಮಾರಿದ ಅಣ್ಣಂದಿರ ಮೇಲೆ ಸೇಡು ತೀರಿಸಿಕೊಳ್ಳಲಿಲ್ಲ, ಧಾನ್ಯ ಕೊಟ್ಟ, ಹಣ ಹಿಂದಿರುಗಿಸಿದ. ಆದರೂ ಅವರು ಬದಲಾಗಿದ್ದಾರಾ, ತಮ್ಮ ಬೆನ್ಯಾಮೀನನನ್ನೂ ಬಿಟ್ಟುಕೊಡುತ್ತಾರಾ ಎಂದು ನೋಡಿದ ಮೇಲೆಯೇ ನಾನು ಯೋಸೇಫ ಎಂದು ಹೇಳಿಕೊಂಡ. ಚೀಟಿ ಹಣ ತಿಂದವರನ್ನು ಕ್ಷಮಿಸಿ. ಸಭೆಯ ಖಜಾಂಚಿ ಮಾಡಬೇಡಿ.

ಕ್ಷಮಿಸುವುದು ಹಗುರದ ಕೆಲಸ ಎಂದು ಯೇಸು ಸ್ವಾಮಿಯೂ ಹೇಳಲಿಲ್ಲ. ಎಷ್ಟು ಸಾರಿ ಕ್ಷಮಿಸಬೇಕು ಎಂದು ಪೇತ್ರ ಕೇಳಿದಾಗ ಅವರು ಹೇಳಿದ ಸಾಮ್ಯದ ಲೆಕ್ಕ ಮಾಡಿ ನೋಡಿ. ಅರಸನಿಂದ ಸಾಲ ಬಿಡಿಸಿಕೊಂಡ ಒಬ್ಬ ದಾಸ ತನ್ನ ಜೊತೆಯ ದಾಸನ ಸಾಲ ಬಿಡಲು ಒಪ್ಪಲಿಲ್ಲ. ಅವನಿಗೆ ಬರಬೇಕಿದ್ದ ಬಾಕಿ 100 ದಿನಾರಿ. ಒಂದು ದಿನಾರಿ ಎಂದರೆ ಕೂಲಿಯವನ ಒಂದು ದಿನದ ಸಂಬಳ. ನೂರು ದಿನದ ಕೂಲಿ! ಹೆಚ್ಚುಕಡಿಮೆ ಒಂದು ಇಡೀ ಕಾಫಿ ಕೊಯ್ಲಿನ ದುಡಿಮೆ. ಅದು ಸಣ್ಣ ಮೊತ್ತವಲ್ಲ, ನಿಮ್ಮ ನೋವೂ ಸಣ್ಣದಲ್ಲ. ಆದರೆ ಅವನಿಗೆ ಅರಸ ಬಿಟ್ಟುಕೊಟ್ಟಿದ್ದು 10,000 ತಲಾಂತು. ಒಂದು ತಲಾಂತಿಗೆ ಸುಮಾರು 6,000 ದಿನಾರಿ ಹಿಡಿದರೆ 6 ಕೋಟಿ ದಿನದ ಕೂಲಿ. ಕ್ಷಮಿಸಲು ಆಗುತ್ತಿಲ್ಲ ಅನಿಸಿದ ರಾತ್ರಿ ಈ ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡಿ.

ಮುಗಿದ ಮೇಲೆ ಮಾಡಬೇಕಾದದ್ದು

ಸಿಎಸ್‌ಐ ಆರಾಧನೆಯಲ್ಲಿ ಒಬ್ಬರ ಬಲಗೈಗೆ ಇನ್ನೊಬ್ಬರ ಬಲಗೈ ಸೇರಿಸಿ, ಎಡಗೈಯಿಂದ ಮುಚ್ಚಿ ಸಮಾಧಾನ ಕೊಡುವ ಪದ್ಧತಿ ಇದೆ. 1947ರಲ್ಲಿ ಬೇರೆ ಬೇರೆ ಸಭೆಗಳು ಸೇರಿ ಸಿಎಸ್‌ಐ ಆದ ಮೇಲೆ, 1950ರ ಆರಾಧನಾ ಕ್ರಮದಲ್ಲಿ ಇದನ್ನು ಕಾಣಿಕೆಗಿಂತ ಮೊದಲು ಇಟ್ಟರು. ಕಾಣಿಕೆ ಬಿಟ್ಟು ಮೊದಲು ಸಮಾಧಾನವಾಗು ಎಂಬ ಮತ್ತಾಯ 5ರ ಕ್ರಮವೇ ಅಲ್ಲಿದೆ. ಕಥೋಲಿಕರ ಬಲಿಪೂಜೆಯಲ್ಲಿ ಅದು ಕರ್ತನ ಪ್ರಾರ್ಥನೆಯ ನಂತರ, ಪರಮಪ್ರಸಾದಕ್ಕೆ ಮೊದಲು ಬರುತ್ತದೆ. ನಾವು ಅದನ್ನು ಪಕ್ಕದಲ್ಲಿರುವ ಮನೆಯವರಿಗೆ ಕೊಟ್ಟು ಮುಗಿಸುತ್ತೇವೆ. ರಾಜಿಯಾದ ಮುಂದಿನ ಭಾನುವಾರ ನಿಮ್ಮ ಬೆಂಚಿನಿಂದ ಎದ್ದು ಹೋಗಿ ಅವರಿಗೆ ಕೊಡಿ. ಮಕ್ಕಳು ನೋಡಲಿ. ಜಗಳವನ್ನು ಅವರು ನೋಡಿದ್ದಾರೆ, ಅಲ್ವಾ?

ಎಲ್ಲ ರಾಜಿಯೂ ಒಟ್ಟಿಗೆ ಕೆಲಸ ಮಾಡುವುದರಲ್ಲಿ ಮುಗಿಯಬೇಕೆಂದಿಲ್ಲ. ಸುವಾರ್ತೆಯ ಪ್ರಯಾಣಕ್ಕೆ ಮಾರ್ಕನನ್ನು ಕರೆದುಕೊಂಡು ಹೋಗುವ ವಿಷಯದಲ್ಲಿ ಪೌಲ, ಬಾರ್ನಬ ತೀಕ್ಷ್ಣವಾಗಿ ಜಗಳವಾಡಿ ಬೇರೆಯಾದರು. ವರ್ಷಗಳಾದ ಮೇಲೆ ಪೌಲ ಸೆರೆಮನೆಯಿಂದ ಬರೆಯುತ್ತಾ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಎಂದ. ಒಂದೇ ಕಮಿಟಿಯಲ್ಲಿ ಇಬ್ಬರಿಗೂ ಆಗದಿದ್ದರೆ ಒಬ್ಬರು ಸಂಡೇ ಸ್ಕೂಲ್ ನೋಡಿಕೊಳ್ಳಲಿ, ಇನ್ನೊಬ್ಬರು ಕ್ವಾಯರ್ ನೋಡಿಕೊಳ್ಳಲಿ.

ಅವರು ಒಪ್ಪಲೇ ಇಲ್ಲ ಅಂದರೆ? ಸಾಧ್ಯವಾದರೆ, ನಿಮ್ಮಿಂದಾದಷ್ಟು ಮಟ್ಟಿಗೆ ಸಮಾಧಾನದಿಂದಿರಿ ಎನ್ನುತ್ತದೆ ರೋಮಾಪುರ 12:18. ನಿಮ್ಮಿಂದಾದಷ್ಟು. ಎದುರು ಸಿಕ್ಕರೆ ವಂದನೆ ಹೇಳಿ, ಉತ್ತರ ಬರದಿದ್ದರೂ ಹೇಳಿ. ಮನೆಯ ಮದುವೆಗೆ ಕಾಗದ ಕೊಡಿ.

ಕೊನೆಯದಾಗಿ, ಯಾರೂ ಮಾಡದ ಒಂದು ಕೆಲಸ. ಜಗಳದ ದಿನಗಳಲ್ಲಿ ನೀವು ಯಾರ ಯಾರಿಗೆ ಹೇಳಿಕೊಂಡಿದ್ದಿರಿ ಎಂದು ನೆನಪು ಮಾಡಿಕೊಳ್ಳಿ. ನಿಮಗಾಗಿ ಸಿಟ್ಟು ಮಾಡಿಕೊಂಡವರು ಇನ್ನೂ ಸಿಟ್ಟಿನಲ್ಲೇ ಇರುತ್ತಾರೆ. ನೀವು ರಾಜಿಯಾದದ್ದು ಅವರಿಗೆ ಗೊತ್ತಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿ: "ನಾವು ಮಾತಾಡಿಕೊಂಡೆವು. ಮುಗಿಯಿತು. ನನ್ನದೂ ತಪ್ಪಿತ್ತು. ಇನ್ನು ಮುಂದೆ ಅವರ ಬಗ್ಗೆ ನನ್ನ ಹತ್ತಿರ ಆ ವಿಷಯ ತೆಗೆಯಬೇಡಿ." ಅತ್ತಿಗೆಗೂ ಹೇಳಿ.